ಪಂಕ್ತಿಯಿಂದ ಬೆಂಚಿಗೆ

ಮನೆಯಲ್ಲಿ ಬಿಸಿ ಅನ್ನ ಸಿದ್ಧವಾಗಿರುವಾಗಲೂ ನಾಲ್ವರು ಗೆಳೆಯರು ಕೂಡಿಕೊಂಡು ಹೋಟೆಲಿಗೆ ಹೊರಡುವುದೇಕೆ? ಹಸಿವು ಈ ಪ್ರಶ್ನೆಗೆ ಪೂರ್ಣ ಉತ್ತರವಲ್ಲ. ಹಸಿವನ್ನು ಮನೆಯ ಗಂಜಿಯೂ ತಣಿಸುತ್ತದೆ. ರುಚಿಯೂ ಪೂರ್ಣ ಉತ್ತರವಲ್ಲ. ಎಷ್ಟೋ ಹೋಟೆಲುಗಳ ಸಾರಿಗಿಂತ ಮನೆಯ ಸಾರೇ ಮೇಲು. ನಾವು ಹೊರಗೆ ಉಣ್ಣಲು ಹೋಗುವುದು ಜೊತೆಗಾಗಿ. ಇಂಗ್ಲಿಷಿನಲ್ಲಿ ಸಂಗಾತಿಗೆ 'ಕಂಪ್ಯಾನಿಯನ್' ಎಂಬ ಮಾತಿದೆಯಷ್ಟೆ. ಲ್ಯಾಟಿನ್ ಮೂಲದ ಆ ಶಬ್ದವನ್ನು ಬಿಡಿಸಿದರೆ 'ಜೊತೆಯಲ್ಲಿ ರೊಟ್ಟಿ ತಿನ್ನುವವನು' ಎಂಬ ಅರ್ಥ ದೊರೆಯುತ್ತದೆ. ನಮ್ಮಲ್ಲಿ ಇದಕ್ಕೆ ಸಮೀಪದ ಮಾತು 'ಪಂಕ್ತಿ'. ಆದರೆ ನಮ್ಮ ಮಾತು ಅಷ್ಟು ಸರಳವಲ್ಲ. ಸ್ಮೃತಿಕಾರರು 'ಪಂಕ್ತಿಪಾವನ'ನನ್ನು ಹೆಸರಿಸಿದಂತೆಯೇ 'ಅಪಾಂಕ್ತೇಯ'ನನ್ನೂ ಹೆಸರಿಸಿದರು. ಸಾಲಿನಲ್ಲಿ ಯಾರು ಕೂಡಬೇಕು ಎಂಬುದರ ಬೆನ್ನಿಗೇ ಯಾರು ಕೂಡಬಾರದು ಎಂಬ ಪಟ್ಟಿಯೂ ಹುಟ್ಟಿತು. ನಮ್ಮ ನಾಡಿನಲ್ಲಿ ಹೊರಗೆ ಉಣ್ಣುವುದರ ಇತಿಹಾಸವೆಂದರೆ ಈ ಎರಡನೆಯ ಪಟ್ಟಿ ನಿಧಾನವಾಗಿ ಅಳಿಯುತ್ತ ಬಂದ ಇತಿಹಾಸ.

ಅಡುಗೆಯ ಜಾಣ್ಮೆಯಲ್ಲಿ ಕನ್ನಡ ನಾಡು ಎಂದೂ ಬಡವಾಗಿರಲಿಲ್ಲ. 1025ರ ಸುಮಾರಿನ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಕ್ಕೆ ಸಲ್ಲುವ ಭಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡುಗೆಯೊಂದನ್ನೇ ವಸ್ತುವಾಗಿ ಹಿಡಿದು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದನು. ಇವೆರಡರ ನಡುವೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಅದರ ಅನ್ನಭೋಗದ ಅಧ್ಯಾಯದಲ್ಲಿ ಮೀನಿನ ಅಡುಗೆಗೂ ಸ್ಥಾನವಿದೆ: ತುಂಡರಿಸಿ ತೊಳೆಯುವುದು, ಹುಣಿಸೆಯ ರಸದಲ್ಲಿ ಬೇಯಿಸುವುದು, ಎಣ್ಣೆಯಲ್ಲಿ ಕರಿಯುವುದು. ಗಾಳ ಹಾಕಿ ಮೀನು ಹಿಡಿಯುವುದನ್ನು ಅರಸನ ವಿನೋದಗಳಲ್ಲಿ ಒಂದಾಗಿ ಬಣ್ಣಿಸಿ, ಮೀನುಗಳ ಜಾತಿಗಳನ್ನೂ ಆತ ಎಣಿಸುತ್ತಾನೆ. ಇಂದು ಕರಾವಳಿಯಲ್ಲಿ ಹುಳಿ ಹಿಂಡಿ ಮೀನು ಬೇಯಿಸುವವರಿಗೆ ಈ ವಿವರ ಹೊಸದೇನೂ ಅನ್ನಿಸಲಾರದು.

ಸೋಮೇಶ್ವರನ ದೊರೆ ಒಬ್ಬನೇ ಉಣ್ಣುವುದಿಲ್ಲ ಎಂಬುದನ್ನು ಗಮನಿಸಬೇಕು. ಮಕ್ಕಳು, ಬಂಧುಗಳು, ಆಪ್ತರು ಸುತ್ತ ಕುಳಿತಿರಬೇಕು. ಚಿನ್ನದ ತಟ್ಟೆಯ ಅರಸನಿಗೂ ಜೊತೆಯಿಲ್ಲದ ಊಟ ಸಪ್ಪೆಯೇ. ಆದರೆ ಆ ಜೊತೆಯನ್ನು ಆರಿಸುವವನು ಅರಸ. ಕರೆಯಿಲ್ಲದೆ ಅಲ್ಲಿ ಯಾರೂ ಕೂಡುವಂತಿಲ್ಲ. ಕೆಲವೇ ದಶಕಗಳ ಅನಂತರ ಅದೇ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹ ನಡೆಯಿತು. ಅಲ್ಲಿ ಉಣ್ಣಲು ಕುಲದ ಕರೆಯೋಲೆ ಬೇಕಿರಲಿಲ್ಲ, ಭಕ್ತಿ ಸಾಕಾಗಿತ್ತು. ಒಂದೇ ಊರಿನ ಈ ಎರಡು ಊಟಗಳ ನಡುವಿನ ದೂರ ನಮ್ಮ ಸಮಾಜದ ಇತಿಹಾಸದಲ್ಲಿ ಬಹು ದೊಡ್ಡ ದೂರ. ಆದರೂ ದಾಸೋಹಕ್ಕೆ ಭಕ್ತಿಯೆಂಬ ಒಂದು ನಂಟು ಇತ್ತು. ಛತ್ರ, ಅರವಟ್ಟಿಗೆಗಳಿಗೆ ಪುಣ್ಯದ ನಂಟು ಇತ್ತು. ಯಾವ ನಂಟೂ ಇಲ್ಲದ ಅಪರಿಚಿತರಿಬ್ಬರು ಕಾಸು ಕೊಟ್ಟು, ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಉಣ್ಣುವುದು ನಮ್ಮಲ್ಲಿ ಬಹಳ ಈಚಿನ ಸಂಗತಿ.

ಇಲ್ಲಿ ಯೂರೋಪಿನ ಕಡೆಗೊಮ್ಮೆ ನೋಡಿದರೆ ಒಂದು ವಿಚಿತ್ರ ಗೋಚರಿಸುತ್ತದೆ. 'ರೆಸ್ಟೋರೆಂಟ್' ಎಂಬ ಶಬ್ದ ಮೊದಲು ಒಂದು ಸ್ಥಳದ ಹೆಸರಾಗಿರಲಿಲ್ಲ. ದೇಹಕ್ಕೆ ಚೇತರಿಕೆ ಕೊಡುವ ಸಾರಿನ ಹೆಸರಾಗಿತ್ತು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅಂಥ ಸಾರನ್ನು ಮಾರುವ ಅಂಗಡಿಗಳು ತೆರೆದವು. ಸಾರಿನ ಹೆಸರೇ ಅಂಗಡಿಯ ಹೆಸರಾಯಿತು. ಅದಕ್ಕೆ ಮುಂಚೆ ಅಲ್ಲಿನ ಊಟದ ಮನೆಗಳಲ್ಲಿ ಒಂದೇ ಉದ್ದನೆಯ ಮೇಜು. ನಿಗದಿಯಾದ ಹೊತ್ತಿಗೆ ಬಂದವರೆಲ್ಲ ಅದರ ಸುತ್ತ ಕೂಡಬೇಕು, ಇಟ್ಟದ್ದನ್ನು ಹಂಚಿಕೊಂಡು ತಿನ್ನಬೇಕು. ರೆಸ್ಟೋರೆಂಟು ತಂದ ಹೊಸತೆಂದರೆ ಬೇರೆ ಬೇರೆ ಮೇಜು, ತನಗೆ ಬೇಕಾದ ಹೊತ್ತು, ಬೆಲೆ ಬರೆದ ಪಟ್ಟಿ. ಪ್ಯಾರಿಸ್ಸಿನವನಿಗೆ ಅಪರಿಚಿತರಿಂದ ಬಿಡಿಸಿಕೊಂಡು ಕೂಡುವುದೇ ಸುಖವಾಗಿ ಕಂಡಿತು. ನಮ್ಮಲ್ಲಾದದ್ದು ಇದಕ್ಕೆ ನೇರ ವಿರುದ್ಧ. ಶತಮಾನಗಳಿಂದ ಬೇರೆ ಬೇರೆ ಸಾಲುಗಳಲ್ಲಿ ಉಂಡ ಜನರನ್ನು ಹೋಟೆಲು ಒಂದು ಬೆಂಚಿನ ಮೇಲೆ ಕೂರಿಸಿತು. ಅವರಿಗೆ ಹೋಟೆಲು ಕೊಟ್ಟದ್ದು ಏಕಾಂತ. ನಮಗೆ ಕೊಟ್ಟದ್ದು ನೆರೆ.

ಆದರೆ ಅದು ಸುಲಭವಾಗಿ ಕೊಡಲಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದ ಬಾಣಸಿಗರು ಮದರಾಸು, ಬೆಂಗಳೂರು, ಮುಂಬಯಿಗಳಿಗೆ ಹೋಗಿ ಊಟದ ಮನೆಗಳನ್ನು ತೆರೆದರು. ಪರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಹೋಟೆಲಿನ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ 'ವುಡ್‌ಲ್ಯಾಂಡ್ಸ್' ತೆರೆದರು. ಉಡುಪಿಯ ಹೆಸರು ಇಂಡಿಯಾದ ಉದ್ದಗಲಕ್ಕೂ ಹಬ್ಬಿತು. ಬಾಣಸಿಗ ಬ್ರಾಹ್ಮಣನೆಂಬ ಭರವಸೆ ಆ ಕಾಲದ ಗಿರಾಕಿಗೆ ಬೇಕಾಗಿತ್ತು. ಹಲಗೆಯ ಮೇಲಿನ ಆ ಹೆಸರು ಶುಚಿಗೆ ಸಾಕ್ಷಿಯೆಂದು ಹಲವರು ತಿಳಿದರು. ಅದೇ ಹಲಗೆಯನ್ನು ಓದಿ ಹೊಸ್ತಿಲ ಹೊರಗೇ ನಿಂತವನಿಗೆ ಅದು ಬೇರೆಯದನ್ನೇ ಹೇಳುತ್ತಿತ್ತು. ಎಷ್ಟೋ ಕಡೆ ಒಳಗೆ ಕೂಡುವ ಜಾಗಗಳೂ ಬೇರೆ ಬೇರೆಯಾಗಿದ್ದವು. ಕಾಸಿನ ಬೆಲೆ ಎಲ್ಲರ ಕೈಯಲ್ಲೂ ಒಂದೇ. ಕೂಡುವ ಸ್ಥಳ ಮಾತ್ರ ಒಂದೇ ಆಗಿರಲಿಲ್ಲ.

ಇದನ್ನು ಪ್ರಶ್ನಿಸಿದವರು ಹಲವರು. ಕೇರಳದ ಕರಾವಳಿಯ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಮಿಶ್ರಭೋಜನ ನಡೆಸಿದರು. ಪುಲಯರೊಡನೆ ಕುಳಿತು ಉಂಡದ್ದಕ್ಕೆ ಬಹಿಷ್ಕಾರವನ್ನೂ ಎದುರಿಸಿದರು. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲೊಂದರ ಹಲಗೆಯ ಮೇಲಿದ್ದ 'ಬ್ರಾಹ್ಮಣ' ಎಂಬ ಶಬ್ದವನ್ನು ತೆಗೆಸಲು ಪೆರಿಯಾರರ ಅನುಯಾಯಿಗಳು 1957ರಲ್ಲಿ ದಿನಗಟ್ಟಲೆ ಚಳವಳಿ ಹೂಡಿ ಸೆರೆಮನೆಗೆ ಹೋದರು. ಒಂದು ಶಬ್ದಕ್ಕಾಗಿ ಇಷ್ಟೆಲ್ಲವೇ ಎಂದು ಕೇಳುವವರು ಆ ಶಬ್ದದ ಒಳಗಡೆ ಕುಳಿತವರು. ಹೊರಗಡೆ ನಿಂತವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಬೆಂಗಳೂರಿನ ಮಯ್ಯರ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಯ ಹೊಸ ಕಟ್ಟಡಕ್ಕೆ ಬಂದಾಗ 'ಮಾವಳ್ಳಿ ಟಿಫಿನ್ ರೂಮ್ಸ್' ಎಂಬ ಹೆಸರನ್ನು ಧರಿಸಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು. ದೋಸೆಯ ರುಚಿಗೆ ಇದರಿಂದ ಏನೂ ಕುಂದಲಿಲ್ಲ.

ಇವೆಲ್ಲಕ್ಕೂ ಬೆನ್ನೆಲುಬಾದದ್ದು ಕಾನೂನು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಭೋಜನಾಲಯ, ಹೋಟೆಲುಗಳನ್ನು ಹೆಸರಿಟ್ಟು ಕರೆದು, ಅವುಗಳ ಪ್ರವೇಶಕ್ಕೆ ಜಾತಿ ಅಡ್ಡಿಯಾಗಕೂಡದೆಂದು ವಿಧಿಸಿತು. ದೇಶದ ಮೂಲಶಾಸನವೊಂದು ಊಟದ ಬೆಂಚನ್ನು ನೆನೆಯಬೇಕಾಗಿ ಬಂದದ್ದು ಸಣ್ಣ ಮಾತಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳ ಬಳಕೆಯನ್ನು ತಡೆಯುವುದನ್ನೂ ಅಪರಾಧವೆಂದು ಸಾರಿತು. ಲೋಟ ಬೇರೆ ಇಡುವ ಅಭ್ಯಾಸ ಶಾಸನಕರ್ತರಿಗೆ ಚೆನ್ನಾಗಿ ಗೊತ್ತಿತ್ತು. ಅದು ಈಗಲೂ ಕೆಲವು ಹಳ್ಳಿಗಳ ಚಹಾದಂಗಡಿಗಳಿಂದ ಪೂರ್ತಿಯಾಗಿ ಹೋಗಿಲ್ಲವೆಂಬುದನ್ನು ಮರೆಯುವಂತಿಲ್ಲ.

ಈ ಹಿನ್ನೆಲೆಯಲ್ಲಿ ಕರಾವಳಿಯ ಮೀನೂಟದ ಅಂಗಡಿಗಳನ್ನು ನೋಡಬೇಕೆಂದು ನನ್ನ ಬಿನ್ನಹ. ಸಾಹಿತಿಗಳು ಉಡುಪಿ ಹೋಟೆಲಿನ ವಿಷಯ ಬರೆದಷ್ಟು ಇವುಗಳ ವಿಷಯ ಬರೆದಿಲ್ಲ. ಮಂಗಳೂರಿನ ಬಂದರಿನ ಓಣಿಗಳಲ್ಲಿ, ಮಲ್ಪೆಯ ದಕ್ಕೆಯ ಸಮೀಪದಲ್ಲಿ, ಕಾರವಾರದ ಪೇಟೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಜಾಗಕ್ಕಾಗಿ ಕಾದು ನಿಂತ ಜನರನ್ನು ಕಾಣಬಹುದು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಕೆಂಪು ಸಾರು, ಒಂದು ಪಲ್ಯ. ಅದರ ಮೇಲೆ ಹುರಿದ ಬಂಗುಡೆಯೋ ಬೂತಾಯಿಯೋ, ಕಿಸೆ ತುಂಬಿದ್ದರೆ ಅಂಜಲೋ ಕಾಣೆಯೋ. ಇಲ್ಲಿ ಪಟ್ಟಿ ಬರೆಯುವುದು ಯಜಮಾನನಲ್ಲ, ಕಡಲು. ದೋಣಿ ತಂದದ್ದೇ ಆ ದಿನದ ಊಟ. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಯ ದಿನಗಳಲ್ಲಿ ಹೊಳೆಯ ಮೀನು, ಒಣಮೀನುಗಳಿಗೆ ಮರ್ಯಾದೆ ಹೆಚ್ಚುತ್ತದೆ.

ಮೊಗವೀರರು, ಬಿಲ್ಲವರು, ಬಂಟರು, ಕೊಂಕಣಿಗರು, ಕ್ರೈಸ್ತರು, ಬ್ಯಾರಿಗಳು - ಇವರೆಲ್ಲರ ಮನೆಗಳಲ್ಲೂ ಬಂಗುಡೆ ಬೇಯುತ್ತದೆ. ಮಸಾಲೆ ಮಾತ್ರ ಬೇರೆ ಬೇರೆ. ಮನೆಗಳಲ್ಲಿ ಬೇರೆಯಾಗಿ ಬೆಂದ ಮೀನು ಅಂಗಡಿಯ ಬೆಂಚಿನ ಮೇಲೆ ಒಂದಾಗುತ್ತದೆ. ಮೀನಿನ ವಾಸನೆಯಿರುವಲ್ಲಿ ಮಡಿಯ ಹಲಗೆ ತೂಗುಹಾಕುವುದು ಕಷ್ಟ. ಮುಳ್ಳು ಬಿಡಿಸುವಾಗ ಯಾರ ಬೆರಳೂ ಗಂಭೀರವಾಗಿ ಉಳಿಯುವುದಿಲ್ಲ. ಏಡಿಯ ಚಿಪ್ಪನ್ನು ಒಡೆಯುವ ವಕೀಲನಿಗೂ ಲಾರಿಯ ಚಾಲಕನಿಗೂ ಒಂದೇ ಪಾಡು. ಮುಳ್ಳಿರುವ ಮೀನನ್ನು ಅವಸರದಲ್ಲಿ ಉಣ್ಣಲಾಗದು. ಅವಸರವಿಲ್ಲದ ಊಟದಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಹಾಗೆಂದು ಈ ಅಂಗಡಿಗಳನ್ನು ಸಮತೆಯ ದೇಗುಲಗಳೆಂದು ಹೊಗಳುವ ಉತ್ಸಾಹ ನನಗಿಲ್ಲ. ಅಲ್ಲಿಯೂ ಬಹು ಕಾಲ ಹೆಂಗಸರ ಸಂಖ್ಯೆ ಬೆರಳೆಣಿಕೆಯಷ್ಟೇ ಇತ್ತು. ಇತರ ಹೋಟೆಲುಗಳಂತೂ ಅವರನ್ನು ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮಿ'ಗೆ ಕಳುಹಿಸಿದವು. ಮೇಜು ಒರೆಸುವ ಹುಡುಗನಿಗೆ ಆ ಬೆಂಚಿನ ಮೇಲೆ ಸ್ಥಳವಿರಲಿಲ್ಲ. ಹೋಟೆಲುಗಳಲ್ಲಿ ಎಳೆಯ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ.

ಡಾಕ್ಟರ್ ಅಂಬೇಡ್ಕರರು 1936ರ ತಮ್ಮ 'ಜಾತಿ ವಿನಾಶ'ದ ಭಾಷಣದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದಾರೆ: ಸಹಭೋಜನದಿಂದಷ್ಟೇ ಜಾತಿ ಅಳಿಯದು. ಅದು ಸತ್ಯ. ಹೋಟೆಲಿನ ಸಮತೆ ಕೈ ತೊಳೆಯುವವರೆಗಿನದು. ಬಿಲ್ಲು ತೆತ್ತು ಹೊರಬಂದೊಡನೆ ಪ್ರತಿಯೊಬ್ಬನೂ ತನ್ನ ತನ್ನ ಬೀದಿಗೆ ಹಿಂದಿರುಗುತ್ತಾನೆ. ಆದರೆ ಆ ಅರ್ಧ ಗಂಟೆಯೂ ತಾನಾಗಿ ದೊರೆತದ್ದಲ್ಲವೆಂಬುದನ್ನು ಇತಿಹಾಸ ತೋರಿಸುತ್ತದೆ. ಪಕ್ಕದಲ್ಲಿ ಕುಳಿತವನ ಕುಲವನ್ನು ಕೇಳದೆ ಉಪ್ಪಿನ ಬಟ್ಟಲನ್ನು ಅವನ ಕಡೆಗೆ ಸರಿಸುವ ಅಭ್ಯಾಸವನ್ನು ನಾವು ಕಲಿತದ್ದು ಇಲ್ಲಿಯೇ.

ಇಂದು ಊಟವನ್ನು ಮನೆಯ ಬಾಗಿಲಿಗೇ ತರಿಸಿಕೊಳ್ಳುವ ಅನುಕೂಲ ಪಟ್ಟಣಗಳಲ್ಲಿ ಬೆಳೆದಿದೆ. ಸಿರಿವಂತ ಭೋಜನಾಲಯಗಳಲ್ಲಿ ಪ್ಯಾರಿಸ್ಸಿನ ಬೇರೆ ಮೇಜಿನ ಸುಖವೂ ದೊರೆಯುತ್ತದೆ. ಅದನ್ನು ನಾನು ದೂರುವುದಿಲ್ಲ. ಊಟ ತನ್ನಿಚ್ಛೆ ಎಂದು ನಮ್ಮ ಗಾದೆಯೇ ಹೇಳುತ್ತದೆ. ಆದರೂ ಗೆಳೆಯರೊಡನೆ ಹೊರಗೆ ಉಣ್ಣಲು ಹೋದಾಗ, ಜಾಗವಿಲ್ಲದೆ ನಿಂತ ಅಪರಿಚಿತನೊಬ್ಬ 'ಇಲ್ಲಿ ಕೂಡಬಹುದೇ?' ಎಂದು ಕೇಳಿದರೆ, ಸ್ವಲ್ಪ ಸರಿದು ಅವನಿಗೆ ಸ್ಥಳ ಕೊಡುವುದು ಒಳ್ಳೆಯದು. ಎಷ್ಟೋ ಜನ ಹೊಸ್ತಿಲ ಹೊರಗೆ ನಿಂತು ಗಳಿಸಿಕೊಟ್ಟ ಜಾಗ ಅದು.