ಯೆಹೂದ್ಯರೆಂದರೆ ಯಾರು? ಧರ್ಮವೋ, ಜನಸಮುದಾಯವೋ, ರಕ್ತವೋ?

ಕರಾವಳಿಯ ಧರ್ಮಕೇಂದ್ರಗಳಿಂದ ಮೈಸೂರಿಗೆ ಪ್ರವಾಸ ಹೊರಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಸಂತ ಫಿಲೋಮಿನಾ ಪ್ರಧಾನಾಲಯದಲ್ಲಿ ಪ್ರಾರ್ಥನೆ, ಅರಮನೆ, ಮೃಗಾಲಯ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಶ್ರೀರಂಗಪಟ್ಟಣ. ಕೋಟೆಯ ಗೋಡೆ ಕಂಡೊಡನೆ ಬಸ್ಸಿನಲ್ಲಿರುವ ಹಿರಿಯರ ಮಾತು 1784ರ ಸೆರೆವಾಸದ ಕಡೆಗೆ ಹೊರಳುತ್ತದೆ. ಅಂತಹ ಒಂದು ಪ್ರವಾಸದಲ್ಲಿ ದೊತೊರ್ನ್ ತರಗತಿಯ ಹುಡುಗನೊಬ್ಬ ನಮ್ಮನ್ನು ಕೇಳಿದ: “ಫಾದರ್, ಯೇಸುಸ್ವಾಮಿ ಯೆಹೂದ್ಯರಂತೆ. ಯೆಹೂದ್ಯ ಅಂದ್ರೆ ಧರ್ಮವಾ, ಜಾತಿಯಾ?”

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಆದರೆ ಆ ಹುಡುಗ ನಿಂತು ಕೇಳಿದ ಜಾಗದ ಚರಿತ್ರೆಯಲ್ಲೇ ಈ ಪ್ರಶ್ನೆಗೆ ದಾರಿ ತೋರಿಸುವ ಒಂದು ಪ್ರಸಂಗವಿದೆ. ಉಪದೇಶಕರಿಗೂ ಧರ್ಮಕೇಂದ್ರದ ಕಾರ್ಯಕರ್ತರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ಶ್ರೀರಂಗಪಟ್ಟಣದಲ್ಲಿ ಕೇಳಿದ ಪ್ರಶ್ನೆ

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ (1780–84) ಈಸ್ಟ್ ಇಂಡಿಯಾ ಕಂಪೆನಿಯ ಮುಂಬಯಿ ಸೈನ್ಯದ ಅನೇಕ ಸಿಪಾಯಿಗಳು ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕರು. ಅವರಲ್ಲಿ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎಂಬ ಸೇನಾನಿಯೂ ಇದ್ದರು. ಅವರು ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರು. ಆ ಸಮುದಾಯದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವಂತೆ, ಸೆರೆಯಾಳುಗಳನ್ನು ನೀವು ಯಾವ ಜಾತಿಯವರೆಂದು ವಿಚಾರಿಸಿದಾಗ ಅವರು “ಬೆನೆ ಇಸ್ರೇಲ್”, ಅಂದರೆ ಇಸ್ರಯೇಲನ ಮಕ್ಕಳು, ಎಂದು ಉತ್ತರಿಸಿದರು. ಕುರಾನಿನಲ್ಲಿ ಆ ಹೆಸರನ್ನು ಬಲ್ಲ ಟಿಪ್ಪುವಿನ ತಾಯಿ ಅವರ ಜೀವ ಉಳಿಸುವಂತೆ ಮಗನನ್ನು ಕೇಳಿಕೊಂಡರು. ಬದುಕಿ ಮರಳಿದ ದಿವೇಕರ್ ದೇವರಿಗೆ ಕೃತಜ್ಞತೆಯಾಗಿ 1796ರಲ್ಲಿ ಮುಂಬಯಿಯಲ್ಲಿ ಆ ನಗರದ ಮೊದಲ ಸಿನಗಾಗನ್ನು ಕಟ್ಟಿಸಿದರು. ‘ಕರುಣೆಯ ದ್ವಾರ’ ಎಂಬ ಅರ್ಥದ ಹೆಸರಿನ ಆ ಪ್ರಾರ್ಥನಾಲಯ ಇಂದಿಗೂ ಇದೆ.

ಅವರು ಕೊಟ್ಟ ಉತ್ತರವನ್ನು ಗಮನಿಸಬೇಕು. “ನಮ್ಮ ಧರ್ಮ ಇಂಥದ್ದು” ಎಂದು ಅವರು ಹೇಳಲಿಲ್ಲ, “ನಮ್ಮ ಕುಲ ಇಂಥದ್ದು” ಎಂದೂ ಹೇಳಲಿಲ್ಲ. ಒಬ್ಬ ಪೂರ್ವಜನ ಹೆಸರನ್ನು ಹೇಳಿದರು. ಆ ಪೂರ್ವಜ ಯಕೋಬನಿಗೆ ಇಸ್ರಯೇಲ ಎಂಬ ಹೆಸರಿಟ್ಟವರು ದೇವರು. ಒಂದೇ ಮಾತಿನಲ್ಲಿ ಮನೆತನವೂ ಇದೆ, ವಿಶ್ವಾಸವೂ ಇದೆ. ಎರಡನ್ನು ಬಿಡಿಸಿ ಬೇರೆ ಬೇರೆ ಇಡಲು ಬರುವುದಿಲ್ಲ.

ಮೂರು ಪದಗಳು

ಕನ್ನಡದಲ್ಲಿ ‘ಜನಾಂಗ’ ಎಂಬ ಒಂದೇ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿಯೇ. ಭಾಷೆ, ಊಟ, ಹಬ್ಬ, ಹೆಸರು, ನೆನಪುಗಳನ್ನು ಹಂಚಿಕೊಂಡ ಜನಸಮುದಾಯ ಎಂಬುದು ಒಂದು ಅರ್ಥ. ಹುಟ್ಟಿನಿಂದಲೇ ರಕ್ತದಲ್ಲಿ ಬರುವ, ಬದಲಿಸಲಾಗದ ಗುಣಗಳುಳ್ಳ ತಳಿ ಎಂಬುದು ಇನ್ನೊಂದು ಅರ್ಥ. ಮೊದಲನೆಯದು ಮನುಷ್ಯರ ಬದುಕಿನಲ್ಲಿ ನಿಜವಾಗಿ ಇರುವಂಥದ್ದು. ಎರಡನೆಯದಕ್ಕೆ ವಿಜ್ಞಾನದ ಆಧಾರವಿಲ್ಲ. ಮೂರನೆಯ ಪದ ಧರ್ಮ: ವಿಶ್ವಾಸ, ಆರಾಧನೆ, ನಿಯಮ.

ಯೆಹೂದ್ಯ ಎಂಬ ಹೆಸರು ಯಕೋಬನ ಮಗ ಯೂದನಿಂದ, ಅವನ ಗೋತ್ರ ನೆಲೆಸಿದ ನಾಡಿನಿಂದ ಬಂತು. ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬಿಲೋನಿಯಕ್ಕೆ ಸೆರೆಹೋದ ಬಳಿಕ ನಾಡು ಕೈತಪ್ಪಿದರೂ ಹೆಸರು ಉಳಿಯಿತು. ಊರಿನ ಹೆಸರಾಗಿದ್ದದ್ದು ಒಂದು ಜನತೆಯ, ಅವರ ಬಾಳ್ವೆಯ ಹೆಸರಾಯಿತು.

ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಈ ಜನತೆಗೆ ಎರಡು ಬಾಗಿಲುಗಳಿವೆ. ಯೆಹೂದ್ಯ ತಾಯಿಯ ಹೊಟ್ಟೆಯಲ್ಲಿ ಹುಟ್ಟುವುದು ಒಂದು, ವಿಧಿಪೂರ್ವಕವಾಗಿ ಸೇರುವುದು ಇನ್ನೊಂದು. ಹಾಗೆ ಸೇರಿದವರನ್ನು ಪ್ರಾರ್ಥನೆಯಲ್ಲಿ ಅಬ್ರಹಾಮನ ಮಗ ಅಥವಾ ಮಗಳೆಂದೇ ಹೆಸರಿಸುತ್ತಾರೆ. ಮೋವಾಬಿನ ರೂತಳು ಅತ್ತೆಯ ಕೈಬಿಡದೆ ಅವಳ ಜನರನ್ನೂ ಅವಳ ದೇವರನ್ನೂ ತನ್ನವರನ್ನಾಗಿ ಮಾಡಿಕೊಂಡದ್ದು ನಮಗೆಲ್ಲ ಗೊತ್ತು. ಆ ಪರದೇಶದ ಸೊಸೆ ದಾವಿದನ ಮುತ್ತಜ್ಜಿಯಾದಳು. ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿಯ ವಂಶಾವಳಿಯಲ್ಲೂ ಆಕೆಯ ಹೆಸರಿದೆ. ಯೆಹೂದ್ಯತನ ಬರೀ ರಕ್ತವಾಗಿದ್ದರೆ ರೂತಳಿಗೆ ಅಲ್ಲಿ ಸ್ಥಾನವಿರುತ್ತಿರಲಿಲ್ಲ.

ನಮ್ಮ ದೇಶದ ಪಾರ್ಸಿಗಳ ವಿಷಯದಲ್ಲಿ 1908ರಲ್ಲಿ ಮುಂಬಯಿ ಹೈಕೋರ್ಟ್, ಪಾರ್ಸಿ ಎಂಬುದು ಹುಟ್ಟಿನ ಸಮುದಾಯ, ಜರತುಷ್ಟ್ರ ಧರ್ಮ ಬೇರೆ ಎಂದು ವಿಂಗಡಿಸಿತು. ಯೆಹೂದ್ಯರಲ್ಲಿ ಧರ್ಮಕ್ಕೆ ಸೇರಿದವನು ಜನತೆಗೂ ಸೇರಿದ ಹಾಗೆಯೇ.

ಮೀನಿನ ಪರೀಕ್ಷೆ

ಬೆನೆ ಇಸ್ರೇಲರು ಕೊಂಕಣ ಕರಾವಳಿಯಲ್ಲಿ ಮರಾಠಿ ಮಾತನಾಡುತ್ತ, ಗಾಣದಲ್ಲಿ ಎಣ್ಣೆ ತೆಗೆಯುತ್ತ ಬಾಳಿದರು. ಶನಿವಾರ ಗಾಣ ಹೂಡದ ಕಾರಣ ಜನ ಅವರನ್ನು ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದು ಕರೆದರು. ದಿವೇಕರ್, ನಾಗಾಂವ್‌ಕರ್ ಎಂಬಂತೆ ಊರಿನ ಹೆಸರೇ ಅವರ ಮನೆತನದ ಹೆಸರಾಯಿತು. ಹೀಬ್ರೂ ಭಾಷೆ ಮರೆತಿತ್ತು, ಹೊರಗಿನ ಯೆಹೂದ್ಯರ ಸಂಪರ್ಕವಿರಲಿಲ್ಲ. ಕೊಚ್ಚಿಯ ಕಡೆಯಿಂದ ಬಂದ ದಾವಿದ್ ರಹಾಬಿ ಎಂಬವರು ಇವರನ್ನು ಪರೀಕ್ಷಿಸಲು ಹೆಂಗಸರ ಕೈಗೆ ಹಲವು ಬಗೆಯ ಮೀನುಗಳನ್ನು ಕೊಟ್ಟು ಅಡುಗೆ ಮಾಡಲು ಹೇಳಿದರೆಂದು ಆ ಸಮುದಾಯದ ಕಥೆ. ಹೆಂಗಸರು ರೆಕ್ಕೆಯೂ ಹುರುಪೆಯೂ ಇರುವ ಮೀನುಗಳನ್ನಷ್ಟೇ ಆರಿಸಿ ಉಳಿದದ್ದನ್ನು ಬದಿಗಿಟ್ಟರು. ಯಾಜಕಕಾಂಡದ ನಿಯಮವೂ ಅದೇ. ಬೂತಾಯಿ, ಬಂಗುಡೆ ಸಲ್ಲುತ್ತವೆ. ಸಿಗಡಿ, ಏಡಿ ಸಲ್ಲುವುದಿಲ್ಲ.

ಭಾಷೆ ಹೋದ ಮೇಲೂ ಅಡುಗೆಮನೆಯಲ್ಲಿ ಉಳಿದದ್ದು ಧರ್ಮವೋ, ಸಮುದಾಯದ ರೂಢಿಯೋ? ಎರಡೂ ಹೌದು. ಇನ್ನು ರಕ್ತದ ಮಾತು. 2016ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದಲ್ಲಿ ಬೆನೆ ಇಸ್ರೇಲರಲ್ಲಿ ಮಧ್ಯಪ್ರಾಚ್ಯದ ಯೆಹೂದ್ಯ ಮೂಲವೂ ಭಾರತೀಯ ಮೂಲವೂ ಬೆರೆತಿರುವುದು ಕಂಡುಬಂತು. ‘ಶುದ್ಧ ರಕ್ತ’ ಎಂಬುದು ಅಲ್ಲಿ ಸಿಗಲಿಲ್ಲ. ಹುಡುಕಿದರೆ ನಮ್ಮಲ್ಲೂ ಸಿಗಲಾರದು.

ಆದರೂ ಮನುಷ್ಯರು ರಕ್ತದ ಲೆಕ್ಕ ಬಿಡುವುದಿಲ್ಲ. ಬೆನೆ ಇಸ್ರೇಲರಲ್ಲೇ ‘ಗೋರಾ’, ‘ಕಾಲಾ’ ಎಂಬ ಭೇದ ಬೆಳೆಯಿತು. ಕೊಚ್ಚಿಯಲ್ಲಿ ‘ಬಿಳಿ’, ‘ಕರಿ’ ಯೆಹೂದ್ಯರ ನಡುವೆ ಗೋಡೆ ಎದ್ದಿತು. ಅದರ ವಿರುದ್ಧ ಕೊಚ್ಚಿಯ ವಕೀಲ ಎ.ಬಿ. ಸೇಲಂ 20ನೆಯ ಶತಮಾನದಲ್ಲಿ ಸಿನಗಾಗಿನಲ್ಲಿ ಗಾಂಧೀಜಿಯ ಮಾರ್ಗದಲ್ಲಿ ಹೋರಾಡಬೇಕಾಯಿತು. ಇದನ್ನು ಓದಿ ಕರಾವಳಿಯ ನಾವು ತಲೆಯಾಡಿಸುವ ಮುನ್ನ, ಒಂದೇ ದೀಕ್ಷಾಸ್ನಾನ ಪಡೆದ ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಬಾಮೊಣ್, ಚಾರ್ಡಿ, ಶುದಿರ್ ಎಂಬ ಶಬ್ದಗಳು ಇನ್ನೂ ಪಿಸುಮಾತಿನಲ್ಲಿ ಕೇಳಿಬರುವುದನ್ನು ನೆನಪಿಸಿಕೊಳ್ಳೋಣ.

ಕಾನೂನು ಎದುರಿಸಿದ ಕಗ್ಗಂಟು

ಇಸ್ರೇಲ್ ರಾಷ್ಟ್ರ 1950ರಲ್ಲಿ ‘ಮರಳುವ ಹಕ್ಕಿನ ಕಾನೂನು’ ಮಾಡಿ ಪ್ರಪಂಚದ ಯೆಹೂದ್ಯರಿಗೆಲ್ಲ ಬಾಗಿಲು ತೆರೆಯಿತು. ಹೀಗೆ ಅಲ್ಲಿಗೆ ಹೋದ ಬೆನೆ ಇಸ್ರೇಲರಿಗೆ 1960ರ ದಶಕದ ಆರಂಭದಲ್ಲಿ ಆಘಾತ ಕಾದಿತ್ತು. ಮದುವೆಯ ವೇಳೆ ಅವರ ಪೂರ್ವಜರ ಬಗ್ಗೆ ವಿಶೇಷ ವಿಚಾರಣೆ ನಡೆಸಬೇಕೆಂದು ಅಲ್ಲಿನ ಪ್ರಧಾನ ರಬ್ಬಿಗಳು ಸೂಚನೆ ಹೊರಡಿಸಿದರು. ಶ್ರೀರಂಗಪಟ್ಟಣದಲ್ಲಿ ಯಾರ ಹೆಸರು ಹೇಳಿ ಜೀವ ಉಳಿಸಿಕೊಂಡರೋ ಆ ಹೆಸರನ್ನೇ ತಮ್ಮವರ ಮುಂದೆ ಸಾಬೀತುಪಡಿಸಬೇಕಾಯಿತು. ಅವರು ಪ್ರತಿಭಟಿಸಿದರು. 1964ರಲ್ಲಿ ಇಸ್ರೇಲಿನ ಸಂಸತ್ತು ಅವರು ಎಲ್ಲ ರೀತಿಯಿಂದಲೂ ಯೆಹೂದ್ಯರೇ ಎಂದು ಸಾರಿತು.

ಇನ್ನೊಂದು ಪ್ರಕರಣ ನಮ್ಮ ಧರ್ಮಸಭೆಗೇ ಸಂಬಂಧಿಸಿದ್ದು. ಪೋಲೆಂಡಿನ ಯೆಹೂದ್ಯ ತರುಣ ಓಸ್ವಾಲ್ಡ್ ರುಫೈಸೆನ್ ಯುದ್ಧಕಾಲದಲ್ಲಿ ಮೀರ್ ಎಂಬ ಊರಿನ ಯೆಹೂದ್ಯರಿಗೆ ಮುನ್ಸೂಚನೆ ಕೊಟ್ಟು ಅನೇಕರ ಪ್ರಾಣ ಉಳಿಸಿದರು. ಕಾನ್ವೆಂಟಿನಲ್ಲಿ ಅಡಗಿದ್ದಾಗ ದೀಕ್ಷಾಸ್ನಾನ ಪಡೆದು, ಮುಂದೆ ಬ್ರದರ್ ಡೇನಿಯೆಲ್ ಎಂಬ ಹೆಸರಿನಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿ ಹಾಗೂ ಗುರುವಾದರು. ಬಳಿಕ ಹೈಫಾದ ಕಾರ್ಮೆಲ್ ಬೆಟ್ಟದ ಮಠಕ್ಕೆ ಬಂದರು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ತುರ್ಕರ ತೋಪುಗಳನ್ನು ಹಿಡಿಯಲು ಏರಿದ ಬೆಟ್ಟವೂ ಅದೇ. ‘ನನ್ನ ಧರ್ಮ ಕಥೋಲಿಕ, ನನ್ನ ಜನತೆ ಯೆಹೂದ್ಯ’ ಎಂಬುದು ಡೇನಿಯೆಲರ ವಾದ. ಧರ್ಮಶಾಸ್ತ್ರದ ಕಣ್ಣಿನಲ್ಲಿ ಯೆಹೂದ್ಯ ತಾಯಿಯ ಮಗ ಯೆಹೂದ್ಯನೇ ಆದರೂ, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಬೇರೆ ಧರ್ಮಕ್ಕೆ ಸೇರಿದವನು ಯೆಹೂದ್ಯನಲ್ಲ ಎಂದು 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಪಿತ್ತಿತು. ಡೇನಿಯೆಲರು ಸಾಮಾನ್ಯ ಅರ್ಜಿದಾರರಂತೆ ಪೌರತ್ವ ಪಡೆದು 1998ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. 1970ರಲ್ಲಿ ಕಾನೂನು ತಿದ್ದುಪಡಿಯಾಗಿ ಯೆಹೂದ್ಯರ ಮಕ್ಕಳು, ಮೊಮ್ಮಕ್ಕಳು, ಗಂಡ ಅಥವಾ ಹೆಂಡತಿಗೂ ಮರಳುವ ಹಕ್ಕು ದೊರೆಯಿತು. ಸ್ವಇಚ್ಛೆಯಿಂದ ಧರ್ಮ ಬದಲಿಸಿದವರಿಗೆ ಇಲ್ಲ.

ಅಂದರೆ ಯೆಹೂದ್ಯರೊಳಗೇ ಈ ಪ್ರಶ್ನೆಗೆ ಒಂದೇ ಗೆರೆಯ ಉತ್ತರವಿಲ್ಲ. ದೇವರನ್ನು ನಂಬದ ಯೆಹೂದ್ಯರೂ ತಮ್ಮನ್ನು ಯೆಹೂದ್ಯರೆಂದೇ ಹೇಳಿಕೊಳ್ಳುತ್ತಾರೆ, ಹಬ್ಬದ ಮೇಜಿಗೆ ಬಂದು ಕೂರುತ್ತಾರೆ.

ರಕ್ತದ ಲೆಕ್ಕ ಎಲ್ಲಿಗೆ ಒಯ್ದಿತು

‘ರಕ್ತ’ ಎಂಬ ಉತ್ತರವನ್ನು ಪೂರ್ತಿಯಾಗಿ ನಂಬಿದವರು ನಾಜಿಗಳು. 1935ರ ಅವರ ಕಾನೂನಿನಲ್ಲಿ ಅಜ್ಜ ಅಜ್ಜಿಯರಲ್ಲಿ ಮೂವರು ಯೆಹೂದ್ಯರಾಗಿದ್ದರೆ ಸಾಕು, ಆ ವ್ಯಕ್ತಿಯ ವಿಶ್ವಾಸ ಯಾವುದಾದರೂ ಅವನು ಯೆಹೂದ್ಯನೇ. 1922ರಲ್ಲಿ ದೀಕ್ಷಾಸ್ನಾನ ಪಡೆದು ಕಾರ್ಮೆಲ್ ಮಠದ ಭಗಿನಿಯಾಗಿದ್ದ ಎಡಿತ್ ಸ್ಟೈನ್, ಅಂದರೆ ಸಂತ ತೆರೇಸಾ ಬೆನೆಡಿಕ್ಟಾ, 1942ರ ಆಗಸ್ಟಿನಲ್ಲಿ ಆಶ್ವಿಟ್ಜ್‌ನಲ್ಲಿ ಕೊಲೆಯಾದದ್ದು ಈ ಲೆಕ್ಕದಿಂದ. 1998ರಲ್ಲಿ ಅವರಿಗೆ ಸಂತಪದವಿ ನೀಡಲಾಯಿತು.

ಆದರೆ ಈ ಲೆಕ್ಕವನ್ನು ನಾಜಿಗಳು ಮೊದಲು ಕಂಡುಹಿಡಿದದ್ದಲ್ಲ. 1449ರಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ, ಯೆಹೂದ್ಯ ಮೂಲದ ಕ್ರೈಸ್ತರಿಗೆ ಅಧಿಕಾರದ ಹುದ್ದೆ ಸಲ್ಲದೆಂದು ನಿಯಮ ಮಾಡಿದವರು ಕ್ರೈಸ್ತರು. ಜಗದ್ಗುರು ಐದನೆಯ ನಿಕೊಲಾಸರು ಅದೇ ವರ್ಷ ಅದನ್ನು ಖಂಡಿಸಿದರೂ ‘ರಕ್ತಶುದ್ಧಿ’ಯ ನಿಯಮಗಳು ಹರಡಿದವು. ಯೆಹೂದ್ಯ ಮೂಲದ ವೈದ್ಯ ಗಾರ್ಸಿಯಾ ದ ಓರ್ಟಾ 1568ರಲ್ಲಿ ಗೋವೆಯಲ್ಲಿ ಕ್ರೈಸ್ತನಾಗಿ ಸತ್ತರು. 1580ರಲ್ಲಿ, ಅವರು ಗುಟ್ಟಾಗಿ ಯೆಹೂದ್ಯ ಆಚರಣೆ ನಡೆಸಿದ್ದರೆಂಬ ಆಪಾದನೆಯ ಮೇಲೆ ಗೋವೆಯ ಇನ್‌ಕ್ವಿಸಿಶನ್ ಅವರ ಎಲುಬುಗಳನ್ನು ಅಗೆದು ಸುಟ್ಟಿತು. ನಮ್ಮ ಪೂರ್ವಿಕರಲ್ಲಿ ಬಹುಮಂದಿ ಗೋವೆಯಿಂದ ಬಂದವರು. ಈ ಪುಟವನ್ನು ಹರಿದುಹಾಕಿ ಚರಿತ್ರೆ ಓದುವ ಹಕ್ಕು ನಮಗಿಲ್ಲ.

ಮತ್ತೆ ಕೋಟೆಯ ಎದುರು

ರಕ್ತದ ಲೆಕ್ಕವನ್ನು ಒಪ್ಪಿದರೆ ಅಪರಾಧವೂ ರಕ್ತದಲ್ಲೇ ಹರಿಯತೊಡಗುತ್ತದೆ. ಯೇಸುಸ್ವಾಮಿಯ ಮರಣದ ಹೊಣೆಯನ್ನು ಎಲ್ಲ ಕಾಲದ ಎಲ್ಲ ಯೆಹೂದ್ಯರ ತಲೆಗೆ ಕಟ್ಟಿದ ಶತಮಾನಗಳ ತಪ್ಪು ಹುಟ್ಟಿದ್ದು ಹೀಗೆಯೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ತನ್ನ ಘೋಷಣೆಯಲ್ಲಿ ಈ ಆರೋಪವನ್ನು ತಿರಸ್ಕರಿಸಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಸಿದ್ದ ನಿಂದೆಯ ಪದವನ್ನು ಜಗದ್ಗುರು 23ನೆಯ ಜಾನ್ ಅವರು 1959ರಲ್ಲೇ ತೆಗೆಸಿದ್ದರು.

1784ರಲ್ಲಿ ನಮ್ಮ ಪೂರ್ವಿಕರ ಮೇಲೆ ಬಂದದ್ದೂ ಇದೇ ಬಗೆಯ ಆರೋಪ. ಇಂಗ್ಲಿಷರಿಗೆ ನೆರವಾದರೆಂದು ಆಪಾದಿಸಿ ಮಕ್ಕಳು, ಮುದುಕರೆನ್ನದೆ ಇಡೀ ಸಮುದಾಯವನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. 1799ರ ಮೇ 4ರಂದು ಟಿಪ್ಪು ಮಡಿದ ನಂತರ ಬದುಕುಳಿದವರು ಊರಿಗೆ ಮರಳಿ ಚರ್ಚುಗಳನ್ನು ಮತ್ತೆ ಕಟ್ಟಿದರು. ಮೈಸೂರಿನ ಕಡೆ ಉಳಿದವರನ್ನು ಒಟ್ಟುಗೂಡಿಸಲು ಫ್ರೆಂಚ್ ಗುರು ಆಬೆ ದ್ಯುಬ್ವಾ ಶ್ರಮಿಸಿದರು. ಆ 15 ವರ್ಷ ಅವರು ಯಾರಾಗಿದ್ದರು? ಹೊರಗಿನ ಆಚರಣೆ ಬದಲಾಗಿತ್ತು. ಮನೆಯ ಕೊಂಕಣಿ, ಮನೆತನದ ಹೆಸರು, ಬಾಯಲ್ಲೇ ಉಳಿದ ಪ್ರಾರ್ಥನೆ ಬದಲಾಗಿರಲಿಲ್ಲ. ಬೆನೆ ಇಸ್ರೇಲರನ್ನು ಅರ್ಥ ಮಾಡಿಕೊಳ್ಳಲು ನಮಗಿಂತ ಹತ್ತಿರದವರು ಯಾರಿದ್ದಾರೆ?

ಅದೇ ನೆನಪಿಗೆ ಇನ್ನೊಂದು ಮಗ್ಗುಲೂ ಇದೆ. ಟಿಪ್ಪುವಿನ ಕಾಲದ ನೋವನ್ನು ಇಂದಿನ ಮುಸ್ಲಿಂ ನೆರೆಯವರ ಲೆಕ್ಕಕ್ಕೆ ಬರೆದರೆ, ಶುಭ ಶುಕ್ರವಾರದ ಹಳೆಯ ತಪ್ಪನ್ನೇ ನಾವು ಮತ್ತೆ ಮಾಡಿದಂತೆ. ಅದೇ ಅರಮನೆಯ ಮುಸ್ಲಿಂ ತಾಯಿಯೊಬ್ಬರು ಯೆಹೂದ್ಯರ ಪ್ರಾಣ ಉಳಿಸಿದರೆಂಬ ನೆನಪನ್ನು ಆ ಸಮುದಾಯ ಇಂದಿಗೂ ಕಾಪಾಡಿಕೊಂಡಿದೆ.

ಉಪದೇಶಕರ ಗಮನಕ್ಕೆ

1. ‘ಯೆಹೂದ್ಯ ಎಂದರೆ ಧರ್ಮವೋ, ಜಾತಿಯೋ’ ಎಂದು ಮಕ್ಕಳು ಕೇಳಿದರೆ, ದೇವರೊಂದಿಗಿನ ಒಡಂಬಡಿಕೆಯ ನೆನಪಿನಲ್ಲಿ ಒಂದಾದ ಜನತೆ ಎಂದು ಹೇಳಿ. ಹುಟ್ಟಿನಿಂದಲೂ ಸೇರಬಹುದು, ವಿಶ್ವಾಸದಿಂದಲೂ ಸೇರಬಹುದು. ತಳಿ ಎಂಬುದು ಮಾತ್ರ ಸುಳ್ಳು.

2. ಯೇಸುಸ್ವಾಮಿ, ಮಾತೆ ಮರಿಯಾ, ಪ್ರೇಷಿತರು ಯೆಹೂದ್ಯರು ಎಂಬುದನ್ನು ಸ್ಪಷ್ಟವಾಗಿ ಕಲಿಸಿ. ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಅನ್ಯಜನರಾದ ನಮ್ಮನ್ನು ಹೋಲಿಸಿದ್ದು ಓಲಿವ್ ಮರಕ್ಕೆ ಕಸಿಮಾಡಿದ ಕಾಡುಕೊಂಬೆಗೆ. ಬೇರು ನಮ್ಮದಲ್ಲ.

3. ಪವಿತ್ರ ವಾರದ ನಾಟಕ, ಶಿಲುಬೆಯ ಹಾದಿಗಳಲ್ಲಿ ‘ಯೆಹೂದ್ಯರು ಕೊಂದರು’ ಎಂಬ ಮಾತು ಇದ್ದರೆ ತಿದ್ದಿ.

4. ಇಂದಿನ ಇಸ್ರೇಲ್ ಸರಕಾರದ ಕ್ರಮಗಳನ್ನು ಚರ್ಚಿಸುವಾಗ ಅದನ್ನು ಎಲ್ಲ ಯೆಹೂದ್ಯರ ಹೆಸರಿಗೆ ಹಚ್ಚಬೇಡಿ.

ಮೈಸೂರಿನಿಂದ ಬೆಂಗಳೂರಿಗೆ ಹೋಗುವವರು ನಗರದ ಮೈಸೂರು ರಸ್ತೆಯಲ್ಲಿ ಒಂದು ಪುಟ್ಟ ಯೆಹೂದ್ಯ ಸ್ಮಶಾನವನ್ನು ದಾಟಿ ಹೋಗುತ್ತಾರೆ. ಅದಕ್ಕೆ 1904ರಲ್ಲಿ ಜಾಗ ಕೊಟ್ಟವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಮುಂದಿನ ಪ್ರವಾಸದಲ್ಲಿ ಆ ದಾರಿಯಾಗಿ ಹೋದರೆ ಬಸ್ಸಿನಲ್ಲೇ ಒಂದು ಕ್ಷಣ ಅವರಿಗಾಗಿಯೂ ಪ್ರಾರ್ಥಿಸೋಣ.