ಹೆಸರು ಹೇಳದ 28 ಲಕ್ಷ ಮತದಾರರು

ಮತದಾನ ಮುಗಿದ ಸಂಜೆ "ಶೇಕಡಾ ಇಷ್ಟು ಮತ ಚಲಾವಣೆಯಾಗಿದೆ" ಎಂಬ ವಾರ್ತೆ ಕೇಳುತ್ತೇವೆ. ಮತ ಹಾಕಿದವರ ಸಂಖ್ಯೆಯನ್ನು ಪಟ್ಟಿಯಲ್ಲಿ ಹೆಸರಿರುವವರ ಸಂಖ್ಯೆಯಿಂದ ಭಾಗಿಸಿ ಬರುವ ಲೆಕ್ಕವಿದು. ಪಟ್ಟಿಗೇ ಸೇರದವರು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯನ್ನು ಈ ಮಾತಿನಿಂದಲೇ ನೋಡತೊಡಗಬೇಕು.

1950ರಲ್ಲಿ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಗಣಿತ ಓದಿದವರು. ಆದರೆ ಅವರ ಮುಂದಿದ್ದ ಲೆಕ್ಕ ಯಾವ ಪಠ್ಯದಲ್ಲೂ ಇರಲಿಲ್ಲ. 21 ವರ್ಷ ತುಂಬಿದ ಎಲ್ಲರಿಗೂ ಮತದ ಹಕ್ಕು. ಮತದಾರರು 17 ಕೋಟಿಗೂ ಮೇಲ್ಪಟ್ಟು. 1951ರ ಜನಗಣತಿಯ ಪ್ರಕಾರ ಅಕ್ಷರಸ್ಥರು ನೂರಕ್ಕೆ 18 ಮಂದಿ, ಮಹಿಳೆಯರಲ್ಲಿ 9ಕ್ಕೂ ಕಡಿಮೆ.

ಪಟ್ಟಿ ತಯಾರಿಸಲು ಮನೆ ಮನೆಗೆ ಹೋದವರಿಗೆ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳಲ್ಲಿ ಒಂದು ಅಡ್ಡಿ ಎದುರಾಯಿತು. ಪರಪುರುಷರೆದುರು ತಮ್ಮ ಹೆಸರು ಹೇಳಲು ಅನೇಕ ಹೆಂಗಸರು ಒಪ್ಪಲಿಲ್ಲ. "ಇಂಥವನ ತಾಯಿ", "ಇಂಥವರ ಹೆಂಡತಿ" ಎಂದಷ್ಟೇ ಬರೆಸಿದರು. (ಗಂಡನ ಹೆಸರು ಹೇಳಲು ನಾಚುವ ಅಜ್ಜಿಯರು ನಮ್ಮ ಕಡೆಯೂ ಇದ್ದರು, ಅಲ್ಲಿ ಸ್ವಂತ ಹೆಸರಿಗೇ ಆ ಸಂಕೋಚ.) ಸ್ವಂತ ಹೆಸರಿಲ್ಲದ ನಮೂದು ಸಲ್ಲದೆಂದು ಸೇನ್ ನಿರ್ಧರಿಸಿದರು. ಹೆಸರು ಬರೆಸಲು ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಗಡುವೂ ದೊರೆಯಿತು. ಇಷ್ಟಾಗಿಯೂ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯ ನಮೂದುಗಳನ್ನು ಹೊಡೆದು ಹಾಕಲಾಯಿತು.

ಇದು ಸರಿಯೇ? ಗದ್ದಲವೆದ್ದದ್ದೇ ಒಳ್ಳೆಯದಾಯಿತು, ಮುಂದಿನ ಚುನಾವಣೆಯೊಳಗೆ ಈ ಸಂಕೋಚ ಅಳಿದು ಅವರು ತಮ್ಮ ಹೆಸರಿನಲ್ಲೇ ಪಟ್ಟಿಗೆ ಬರುತ್ತಾರೆ ಎಂಬುದು ಸೇನ್ ಅವರ ವಾದ. ಹೆಣ್ಣಿಗೆ ತನ್ನದೇ ಹೆಸರಿನ ಪೌರತ್ವ ಬೇಕೆಂಬ ತತ್ವ ದೊಡ್ಡದು, ನಿಜ. ಆದರೆ ಅದರ ಬೆಲೆ ತೆತ್ತವರು ಆ ಹೆಂಗಸರೇ. ಅವರನ್ನು ಯಾರೂ ಕೇಳಿರಲಿಲ್ಲ.

ಉಳಿದ ವಿಷಯಗಳಲ್ಲಿ ಆಯೋಗ ಜನರ ಬಳಿಗೆ ತಾನೇ ನಡೆದುಬಂತು. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಜೋಡಿ ಎತ್ತು, ಗುಡಿಸಲು, ದೀಪ ಮೊದಲಾದ ಚಿಹ್ನೆ. ಓದು ಬಾರದವರು ಚಿತ್ರ ನೋಡಿ ಚೀಟಿ ಹಾಕಿದರೆ ಸಾಕು. ಮತದಾನದ ಬಗೆಗಿನ ಚಲನಚಿತ್ರವನ್ನು 3,000ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ತೋರಿಸಲಾಯಿತು. ಆಕಾಶವಾಣಿಯೂ ಪ್ರಚಾರ ನಡೆಸಿತು. ಮಹಿಳೆಯರಿಗೆ ಪ್ರತ್ಯೇಕ ಮತಗಟ್ಟೆಗಳಿದ್ದವು. ಕೆಲವರು ಮತಪೆಟ್ಟಿಗೆಗೇ ಹೂವು ಕುಂಕುಮ ಏರಿಸಿ ಕೈಮುಗಿದರಂತೆ! ಮತ ಹಾಕಿದವರು ನೂರಕ್ಕೆ 45ರ ಆಸುಪಾಸು.

1957ರಲ್ಲೂ ಪ್ರಮಾಣ ಹೆಚ್ಚೇನೂ ಏರಲಿಲ್ಲ. 1962ರಲ್ಲಿ ಅದು 55 ದಾಟಿತು. ಅಷ್ಟರಲ್ಲಿ ಬೇರೆ ಬೇರೆ ಪೆಟ್ಟಿಗೆಗಳು ಹೋಗಿ, ಎಲ್ಲ ಚಿಹ್ನೆಗಳಿರುವ ಒಂದೇ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂದಿತ್ತು. ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ದೇಶದ ಮತದಾರರ ಬೆರಳಿಗೆ ಬಂದದ್ದೂ ಅದೇ ವರ್ಷ. ಏರಿಕೆಗೆ ಇವೇ ಕಾರಣವೆನ್ನುವುದು ದುಡುಕಾದೀತು. ಪಕ್ಷಗಳ ಪೈಪೋಟಿಯೂ ಬೆಳೆದಿತ್ತು. ಆದರೆ ಆ ವರ್ಷವೂ ಪುರುಷರಲ್ಲಿ ಶೇಕಡಾ 63 ಮಂದಿ ಮತ ಹಾಕಿದರೆ ಮಹಿಳೆಯರಲ್ಲಿ ಕೇವಲ 47. ಈ ಅಂತರ ಪೂರ್ತಿ ಮುಚ್ಚಿದ್ದು 2019ರಲ್ಲಿ. ಆಗ ಇಬ್ಬರ ಪ್ರಮಾಣವೂ 67ರ ಸುತ್ತ, ಮಹಿಳೆಯರದು ಕೂದಲೆಳೆಯಷ್ಟು ಮುಂದೆ.

ನಿಮ್ಮ ವಯಸ್ಸಿನವರಿಗೆ ಸಂಬಂಧಿಸಿದ ನಿಯಮವೂ ಒಂದಿದೆ. 61ನೆಯ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದ ವಯಸ್ಸನ್ನು 18ಕ್ಕೆ ಇಳಿಸಿತು. ಆದರೂ ಜನವರಿ 1ರಂದು 18 ತುಂಬಿರಬೇಕಿತ್ತು. ಜನವರಿ 2ರಂದು ತುಂಬಿದವರು ವರ್ಷವಿಡೀ ಕಾಯಬೇಕಿತ್ತು. 2021ರ ತಿದ್ದುಪಡಿಯ ಮೇಲೆ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಲೆಕ್ಕಕ್ಕೆ ಬಂದಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದು.