ಮಳೆ ಬಂತು ಕಣೋ

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ನಿದ್ದೆಯಲ್ಲೂ ಬಾಯಿಪಾಠ. ಈ ಏಳರಲ್ಲಿ ‘ದೆಸೆಯಿಂದ’ ಎಂಬುದನ್ನು ಪರೀಕ್ಷೆಯ ಹೊರಗೆ ಬಳಸಿದವರನ್ನು ನಾನಂತೂ ಕಾಣೆ. ಹಣ್ಣು ಮರದಿಂದ ಬೀಳುತ್ತದೆ, ಮರದ ದೆಸೆಯಿಂದ ಬೀಳುವುದು ವ್ಯಾಕರಣ ಪುಸ್ತಕದಲ್ಲಿ ಮಾತ್ರ. ಆದರೂ ಅದಕ್ಕೆ ಪಂಚಮಿಯ ಪಟ್ಟ ಸಿಕ್ಕಿದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಎಲ್ಲರ ಬಾಯಲ್ಲೂ ಇರುವ ಸಂಬೋಧನೆಗೆ ಒಂದು ಸಂಖ್ಯೆಯೂ ಇಲ್ಲ. ಪಟ್ಟಿಯ ತುದಿಯಲ್ಲಿ ‘ಆ, ಏ, ಇರಾ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಸಂಖ್ಯೆ ಸಿಗದಿರುವುದಕ್ಕೆ ಕಾರಣ ಸಂಸ್ಕೃತದಲ್ಲಿದೆ. ಪಾಣಿನಿ ಸಂಬೋಧನೆಯನ್ನು ಬೇರೆ ವಿಭಕ್ತಿಯೆಂದು ಎಣಿಸಲಿಲ್ಲ. ಕರೆಯುವಾಗಲೂ ಪ್ರಥಮೆಯೇ ಬರುತ್ತದೆ ಎಂದು ಪುಟ್ಟ ಸೂತ್ರದಲ್ಲಿ ಹೇಳಿ ಮುಂದೆ ನಡೆದ. ಕಾರಕಗಳಲ್ಲೂ ಅದಕ್ಕೆ ಜಾಗವಿಲ್ಲ, ಏಕೆಂದರೆ ಕಾರಕಕ್ಕೆ ಕ್ರಿಯೆಯ ನಂಟು ಬೇಕು. ‘ರಾಮಾ, ಹಾಲು ಉಕ್ಕಿತು’ ಎಂಬಲ್ಲಿ ಉಕ್ಕಿದ್ದು ಹಾಲು. ರಾಮ ಉಕ್ಕಿಸಲಿಲ್ಲ, ಕುಡಿಯಲೂ ಇಲ್ಲ. ವಾಕ್ಯದ ಹೊಸಿಲಾಚೆ ಸುಮ್ಮನೆ ನಿಂತಿದ್ದಾನೆ.

ಹಾಗೆಂದು ಪಾಣಿನಿ ಕರೆಗೆ ಕಿವಿಗೊಡಲಿಲ್ಲ ಎನ್ನುವಂತಿಲ್ಲ. ದೂರದಿಂದ ಕೂಗುವಾಗ ಕೊನೆಯ ಸ್ವರವನ್ನು ಪ್ಲುತ ಮಾಡಬೇಕು, ಅಂದರೆ ಮೂರು ಮಾತ್ರೆಯಷ್ಟು ಎಳೆಯಬೇಕು ಎಂದು ಬೇರೆಯೇ ಸೂತ್ರವಿದೆ. ತಾಯಿ ಎಂಬರ್ಥದ ಪದಗಳಿಗೆ ಇನ್ನೊಂದು ವಿಶೇಷ ನಿಯಮ: ಸೀತಾ ಕರೆದಾಗ ‘ಸೀತೇ’ ಆಗುತ್ತಾಳೆ, ಅಂಬಾ ಮಾತ್ರ ಗಿಡ್ಡವಾಗಿ ‘ಅಂಬ’. ಇದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳಲ್ಲಿ ‘ಅಕ್ಕ’ವೂ ಒಂದು, ತಾಯಿಯ ಅರ್ಥದಲ್ಲಿ! ಕನ್ನಡದವರು ಒಂದು ಕ್ಷಣ ನಿಂತು ನೋಡಬೇಕಾದ ಜಾಗ ಅದು.

ಪ್ಲುತ ನಮ್ಮ ಬೀದಿಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಹಾಜರಿ ಪುಸ್ತಕದಲ್ಲಿ ಹುಡುಗ ಸುರೇಶ್. ಹೆಸರಿನ ಕೊನೆಯ ಅಕಾರ ಎಂದೋ ಉದುರಿಹೋಗಿದೆ. ಕತ್ತಲಾಯಿತೆಂದು ಅವನಮ್ಮ ಮೈದಾನದ ಕಡೆ ಮುಖ ಮಾಡಿ ಕೂಗಿದರೆ ‘ಸುರೇಶಾ...’ ಉದುರಿದ ಸ್ವರ ಬಡ್ಡಿಸಮೇತ ಮರಳುತ್ತದೆ. ರಷ್ಯನ್ನರದು ಇದಕ್ಕೆ ತಿರುವುಮುರುವು. ಅವರ ಹಳೆಯ ಸಂಬೋಧನಾ ವಿಭಕ್ತಿ ಶತಮಾನಗಳ ಹಿಂದೆಯೇ ಸವೆದುಹೋಗಿ, ದೇವರನ್ನು ಕರೆಯುವ ‘ಬೋಝೆ’, ‘ಗೋಸ್ಪೋದಿ’ಯಂಥ ಕೆಲವೇ ಪದಗಳಲ್ಲಿ ಉಳಿಯಿತು. ಆಮೇಲೆ ಮನೆಮಾತಿನಲ್ಲಿ ಹೊಸದೊಂದು ಹುಟ್ಟಿಕೊಂಡಿತು: ‘ಮಾಮಾ’ ಎಂಬ ತಾಯಿಯನ್ನು ‘ಮಾಮ್’ ಎಂದು, ಮಾಶಾಳನ್ನು ‘ಮಾಶ್’ ಎಂದು ಕರೆಯುವುದು. ನಾವು ಎಳೆಯುವಲ್ಲಿ ಅವರು ಕತ್ತರಿಸುತ್ತಾರೆ.

ರಷ್ಯನ್ನಿನ ದಾಯಾದಿ ಬಲ್ಗೇರಿಯನ್ನಿನ ಕಥೆ ನನಗೆ ಇನ್ನೂ ಇಷ್ಟ. ರಷ್ಯನ್ ಆರು ವಿಭಕ್ತಿಗಳನ್ನು ಇಟ್ಟುಕೊಂಡು ಕರೆಯನ್ನು ಬಿಟ್ಟುಕೊಟ್ಟಿತು. ಬಲ್ಗೇರಿಯನ್ ನಾಮಪದದ ವಿಭಕ್ತಿಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡು ಕರೆಯನ್ನು ಉಳಿಸಿಕೊಂಡಿತು. ಇವಾನ್ ಅಲ್ಲಿ ಇಂದಿಗೂ ‘ಇವಾನೆ’. ಕೆಲವೆಡೆ ಕರೆಯೇ ಗಟ್ಟಿಯಾಗಿ ಹೆಸರಾಗಿಬಿಟ್ಟಿದೆ. ರೋಮನ್ನರ ದೇವರು ಜ್ಯೂಪಿಟರ್‌ನ ಹೆಸರು ಮೂಲದಲ್ಲಿ ‘ಆಕಾಶ ತಂದೆಯೇ’ ಎಂಬ ಕೂಗು. ವೇದದ ದ್ಯೌಷ್ಪಿತೃ ಅದರ ಬಂಧು. ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ಶೇಮಸ್ ಎಂಬವನನ್ನು ಕರೆಯುವಾಗ ಮೊದಲಕ್ಷರವೇ ಬದಲಾಗಿ ‘ಹೇಮಿಶ್’ ಎಂದಾಗುತ್ತದೆ. ಇಂಗ್ಲಿಷರು ಆ ಕೂಗನ್ನೇ ಹೆಸರೆಂದು ತಿಳಿದರು, ಹೇಮಿಶ್ ಎಂಬ ಹೆಸರಿನವರು ಈಗ ಬೇಕಾದಷ್ಟು ಜನ ಇದ್ದಾರೆ.

ಕನ್ನಡದ ಕರೆಯಾದರೋ ಹೆಸರಿನ ಮೇಲೆ ಕೂರುವುದೇ ಕಡಿಮೆ. ಶಾಲೆಯ ಪಟ್ಟಿ ದಾರಿ ತಪ್ಪಿಸುವುದು ಇಲ್ಲೇ. ‘ಇರಾ’ ಹಳೆಯ ಪದ್ಯಗಳಲ್ಲಿದೆ, ಈಗ ‘ಮಕ್ಕಳಿರಾ’ ಎಂದು ಕರೆದರೆ ಮಕ್ಕಳು ನಕ್ಕಾರು. ‘ಸಭಿಕರೇ’, ‘ಮಾನ್ಯರೇ’ಗಳ ಏಕಾರ ಮೈಕಿನ ಮುಂದೆ ಬದುಕಿದೆ. ದಿನದ ಮಾತಿನಲ್ಲಿ ಕರೆ ಹೆಸರನ್ನು ಬಿಟ್ಟು ಕ್ರಿಯಾಪದದ ಬೆನ್ನೇರುತ್ತದೆ. ‘ಬಾ’ ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯದು. ‘ಬಾರೋ’, ‘ಬಾರೇ’, ‘ಬನ್ರೀ’ ಎಂದರೆ ಬಾಗಿಲಲ್ಲಿ ಎಂಥವರು ನಿಂತಿದ್ದಾರೆಂದು ಪಕ್ಕದ ಮನೆಗೂ ಗೊತ್ತಾಗುತ್ತದೆ.

ಇನ್ನೂ ಸೋಜಿಗದ್ದು ‘ಮಳೆ ಬಂತು ಕಣೋ’. ಬಂದದ್ದು ಮಳೆ, ಕ್ರಿಯಾಪದವೂ ಮಳೆಯದೇ. ಕೇಳುತ್ತಿರುವವನಿಗೆ ಈ ವಾಕ್ಯದಲ್ಲಿ ಒಂದು ಸರ್ವನಾಮದಷ್ಟೂ ಜಾಗವಿಲ್ಲ. ಆದರೂ ಆ ಓಕಾರ ಕೇಳುವವನು ಗಂಡಸು, ಸಲಿಗೆಯವನು, ಹಿರಿಯನಲ್ಲ ಎಂದು ಹೇಳಿಬಿಡುತ್ತದೆ. ‘ಕಣೇ’ ಎಂದರೆ ಚಿತ್ರ ಬೇರೆ, ‘ಕಣ್ರೀ’ ಎಂದರೆ ಮತ್ತೂ ಬೇರೆ. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯೂ ಹೀಗೆಯೇ. ಸಲಿಗೆಯ ಮಾತಿನಲ್ಲಿ, ವಾಕ್ಯಕ್ಕೂ ಕೇಳುಗರಿಗೂ ಸಂಬಂಧವಿಲ್ಲದಿದ್ದರೂ, ಕ್ರಿಯಾಪದ ಕೇಳುಗ ಗಂಡಾದರೆ ‘ಕ್’ ಎಂಬ ಗುರುತನ್ನು, ಹೆಣ್ಣಾದರೆ ‘ನ್’ ಎಂಬುದನ್ನು ಹೊರುತ್ತದೆ. ಭಾಷಾವಿಜ್ಞಾನಿಗಳು ಬಾಸ್ಕಿನ ಈ ಗುಣಕ್ಕೆ ಹೆಸರಿಟ್ಟು ಚರ್ಚಿಸುತ್ತಾರೆ. ನಮ್ಮ ಕಣೋ-ಕಣೇಗಳು ಶಾಲಾ ವ್ಯಾಕರಣದಲ್ಲಿ ಇವತ್ತಿಗೂ ಅವ್ಯಯಗಳ ಗುಂಪಿನಲ್ಲಿ ಎಲ್ಲೋ ಮುದುರಿಕೊಂಡಿವೆ.

ಊರು ಬದಲಾದರೆ ಲೆಕ್ಕವೂ ಬದಲು. ಹಳೇ ಮೈಸೂರಿನ ಕಡೆ ‘ಲೋ’ ಗಂಡಿಗೆ, ‘ಲೇ’ ಹೆಣ್ಣಿಗೆ. ಹುಬ್ಬಳ್ಳಿ-ಧಾರವಾಡದ ಹುಡುಗರು ತಮ್ಮತಮ್ಮೊಳಗೇ ‘ಏನಲೇ’ ಎಂದು ಹೆಗಲಿಗೆ ಕೈ ಹಾಕುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ‘ಮಹಾರಾಯ’ ಕುಗ್ಗಿ ಮಾರಾಯನಾಗಿ, ಮಾರಾಯ್ತಿಯನ್ನೂ ಜೊತೆ ಮಾಡಿಕೊಂಡು, ಮೀನಿನ ದರ ಕೇಳುವಾಗಲೂ ಹಾಜರು.

ಇವೆಲ್ಲಕ್ಕಿಂತ ದಿಟ್ಟ ಕೆಲಸ ಮಾಡಿದವರು ಗಂಡನ ಹೆಸರು ಹೇಳಬಾರದೆಂಬ ಕಟ್ಟಿಗೆ ಸಿಕ್ಕ ಹೆಂಗಸರು. ಹೆಸರನ್ನು ಬಿಟ್ಟು, ಬಾಲಂಗೋಚಿಯನ್ನಷ್ಟೇ ಇಟ್ಟುಕೊಂಡು ‘ರೀ’ ಎಂದರು. ಪ್ರಕೃತಿಯೇ ಇಲ್ಲದ ಪ್ರತ್ಯಯವನ್ನು ಯಾವ ವ್ಯಾಕರಣ ತಾನೇ ಒಪ್ಪೀತು? ಆದರೆ ಮನೆಯೊಳಗಿನ ಗಂಡ ಒಪ್ಪಿ ಓಗೊಟ್ಟ. ಅವನ ಕಡೆಯಿಂದ ಬರುತ್ತಿದ್ದುದು ‘ಲೇ’, ‘ಏನೇ’, ‘ಇವಳೇ’. ಬಹುವಚನ ಕೊಟ್ಟು ಏಕವಚನ ಪಡೆಯುವ ಈ ವ್ಯವಹಾರ ನ್ಯಾಯದ್ದೆಂದು ನನಗೆ ಎಂದೂ ಅನಿಸಿಲ್ಲ. ಈಗಿನ ಜೋಡಿಗಳು ಪರಸ್ಪರ ಹೆಸರು ಹಿಡಿದೇ ಕರೆಯುತ್ತಾರೆ, ‘ರೀ’ ಹೆಚ್ಚಾಗಿ ಧಾರಾವಾಹಿಗಳ ಪಾಲಾಗಿದೆ.

ದೇವರ ಮುಂದೆ ಕನ್ನಡಿಗರು ಹೆಸರಿಗೆ ಹೆದರಲಿಲ್ಲ. ಸರ್ವಜ್ಞನ ತ್ರಿಪದಿಯ ತುದಿಯಲ್ಲಿ ಸರ್ವಜ್ಞನೇ ಇದ್ದಾನೆ. ಬಸವಣ್ಣ, ಅಲ್ಲಮರ ವಚನಗಳ ತುದಿಯಲ್ಲಿರುವುದು ಕೂಡಲಸಂಗಮದೇವಾ, ಗುಹೇಶ್ವರಾ ಎಂಬ ಕೂಗು. ರುಜು ಹಾಕಬೇಕಾದ ಜಾಗದಲ್ಲಿ ಎದುರಿಗಿರುವವನನ್ನು ಕರೆದಿದ್ದಾರೆ. ನಡುವೆ ಬರುವ ‘ಅಯ್ಯಾ’ ಕೂಡ ಅಂಥದೇ. ಅದರ ಸಂತತಿ ನಮ್ಮ ‘ನೋಡಯ್ಯ’, ‘ಕೇಳಮ್ಮ’, ‘ಹೌದಣ್ಣ’ಗಳಲ್ಲಿ ಓಡಾಡುತ್ತಿದೆ.

ಬೆಂಗಳೂರಿನಲ್ಲಿ ಈಗ ಗುರುವಿನ ಸಂಬೋಧನೆ ‘ಗುರೋ’ ಅಲ್ಲ, ‘ಗುರೂ’. ಆಟೊದವರು ಅಡ್ಡ ಬಂದ ಬೈಕಿನವನಿಗೂ ಆ ಗೌರವ ಸಲ್ಲಿಸುತ್ತಾರೆ. ಕಾಲೇಜಿನ ಹುಡುಗಿಯರು ತಮ್ಮತಮ್ಮಲ್ಲೇ ‘ಮಗಾ’, ‘ಬಾರೋ’ ಎನ್ನುವುದನ್ನು ಕೇಳಿ ಕೆಲವರು ಭಾಷೆ ಕೆಟ್ಟಿತೆಂದು ಹಣೆ ಚಚ್ಚಿಕೊಳ್ಳುತ್ತಾರೆ. ಅದೇ ಮಂದಿಯ ಮನೆಯಲ್ಲಿ ಮೊಮ್ಮಗಳನ್ನು ಮುದ್ದಿಗೆ ‘ಬಾರೋ ಪುಟ್ಟಾ’ ಎಂದು ತೊಡೆಗೆ ಎಳೆದುಕೊಂಡ ಅಜ್ಜಿಯರು ಎಷ್ಟು ತಲೆಮಾರಿನಿಂದ ಇದ್ದಾರೋ.